ಕ್ಯಾಮೆರಾಕ್ಕೆ ಬೇರೆ ಕಂಪನಿ ಬ್ಯಾಟರಿ ಹಾಕಬಹುದೇ?



ನಮ್ಮ ಶಾಲೆಯ ಡಿಜಿಟಲ್ ಕ್ಯಾಮೆರಾದ ಬ್ಯಾಟರಿಗೆ ವಯಸ್ಸಾಗಿದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಪೂರ್ತಿ ಚಾರ್ಜ್ ಮಾಡಿ ಹಾಕಿದರೂ ಇಪ್ಪತ್ತು ಫೋಟೋ ತೆಗೆಯುವಷ್ಟರಲ್ಲಿ ಕೆಂಪು ಗುರುತು ಮಿನುಗಲು ಶುರುವಾಗುತ್ತದೆ. ವಾರ್ಷಿಕೋತ್ಸವ ಹತ್ತಿರ ಬಂತು. ಹತ್ತನೇ ತರಗತಿಯ ಅಕ್ಕ ಅಣ್ಣಂದಿರಿಗೆ ಈ ಶಾಲೆಯಲ್ಲಿ ಅದೇ ಕೊನೆಯ ವಾರ್ಷಿಕೋತ್ಸವ. ಅವರ ಗುಂಪು ಫೋಟೋ ತೆಗೆಯುವ ಹೊತ್ತಿಗೆ ಕ್ಯಾಮೆರಾ ಕಣ್ಣು ಮುಚ್ಚಿದರೆ ಮತ್ತೆ ಅವರನ್ನೆಲ್ಲ ಎಲ್ಲಿಂದ ಕೂಡಿಸೋದು?

ಬ್ಯಾಟರಿಗೆಂದು ನಾವು ತರಗತಿವಾರು ಚಂದಾ ಎತ್ತಿದ್ದೇವೆ. ಆ ದುಡ್ಡಿಗೆ ಕ್ಯಾಮೆರಾ ಕಂಪನಿಯ ಬ್ಯಾಟರಿ ಒಂದು ಬರುತ್ತದೆ. ಬೇರೆ ಕಂಪನಿಯದಾದರೆ ಎರಡು ಬರುತ್ತವೆ. ಇದರ ಮೇಲೆ ತರಗತಿಯಲ್ಲಿ ಎರಡು ಪಕ್ಷ ಆಗಿದೆ. ಒಂದು ಪಕ್ಷದವರು “ಒರಿಜಿನಲ್ಲೇ ಬೇಕು, ಇಲ್ಲದಿದ್ದರೆ ಕ್ಯಾಮೆರಾ ಸುಟ್ಟು ಹೋಗುತ್ತೆ” ಅನ್ನುತ್ತಾರೆ. ಇನ್ನೊಂದು ಪಕ್ಷದವರು “ಯಾವುದಾದರೇನು, ಕರೆಂಟು ಒಂದೇ ತಾನೇ?” ಅನ್ನುತ್ತಾರೆ. ನನಗೆ ತಿಳಿದ ಮಟ್ಟಿಗೆ ಎರಡೂ ಪೂರ್ತಿ ಸರಿಯಲ್ಲ. ನನ್ನ ಸೋದರಮಾವ ತಾಲ್ಲೂಕು ಕೇಂದ್ರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಅವರನ್ನು ಕೇಳಿ, ವಿಜ್ಞಾನ ಪಾಠದಲ್ಲಿ ಕಲಿತದ್ದನ್ನು ಜೋಡಿಸಿ ಈ ಲೇಖನ ಬರೆದಿದ್ದೇನೆ. ಶನಿವಾರದ ಶಾಲಾ ಸಂಸತ್ತಿನ ಸಭೆಗೆ ಮುಂಚೆ ಎಲ್ಲರೂ ಓದಿ.

ಸೆಲ್ಲು ಬೇರೆ, ಈ ಬ್ಯಾಟರಿ ಬೇರೆ

ನಮ್ಮೂರಲ್ಲಿ ಬ್ಯಾಟರಿ ಅಂದರೆ ಟಾರ್ಚು. ಟಾರ್ಚಿಗೆ, ಗೋಡೆ ಗಡಿಯಾರಕ್ಕೆ ಯಾವ ಕಂಪನಿಯ ಸೆಲ್ಲು ಹಾಕಿದರೂ ನಡೆಯುತ್ತದೆ. ಯಾಕೆಂದರೆ ಆ ಸೆಲ್ಲಿನ ಉದ್ದ, ದಪ್ಪ, 1.5 ವೋಲ್ಟ್ ಎಲ್ಲವೂ ಲೋಕಕ್ಕೆಲ್ಲ ಒಂದೇ ಅಳತೆ. ಆದರೆ ನಮ್ಮ ಕ್ಯಾಮೆರಾದ ಬ್ಯಾಟರಿ ಹಾಗಲ್ಲ. ಒಂದೊಂದು ಕಂಪನಿ ತನ್ನದೇ ಆಕಾರ ಮಾಡಿಕೊಂಡಿದೆ. ಒಂದೇ ಕಂಪನಿಯ ಎರಡು ಕ್ಯಾಮೆರಾಗಳ ಬ್ಯಾಟರಿ ಕೂಡ ಒಂದಕ್ಕೊಂದು ಕೂರದೆ ಇರಬಹುದು. ಆದ್ದರಿಂದಲೇ ಒರಿಜಿನಲ್ಲಿಗೆ ಅಷ್ಟು ಬೆಲೆ. ಅದೇ ಅಳತೆಗೆ ಬೇರೆಯವರು ಮಾಡಿ ಮಾರುವುದಕ್ಕೂ ಅದೇ ಕಾರಣ.

ಇದರೊಳಗೆ ಇರುವುದು ಲಿಥಿಯಂ ಅಯಾನ್ ಸೆಲ್ಲು. ಇದನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ, 1991ರಲ್ಲಿ. ಇದರ ಹಿಂದಿನ ಸಂಶೋಧನೆಗೆ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಹಗುರವಾದ ಸೆಲ್ಲು, ಶಕ್ತಿ ಜಾಸ್ತಿ. ಶಕ್ತಿ ಜಾಸ್ತಿ ಇರುವ ಕಡೆ ಜೋಪಾನವೂ ಜಾಸ್ತಿ ಬೇಕಲ್ಲವೇ?

ಡಬ್ಬಿಯ ಒಳಗಿರುವ ಕಾವಲುಗಾರ

ಇಂಥ ಒಂದು ಸೆಲ್ಲು ಸುಮಾರು 3.6 ಅಥವಾ 3.7 ವೋಲ್ಟ್ ಕೊಡುತ್ತದೆ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ನಮ್ಮ ಕ್ಯಾಮೆರಾದಂಥವುಗಳಲ್ಲಿ ಎರಡು ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಆದ್ದರಿಂದ ಲೇಬಲ್ಲಿನ ಮೇಲೆ 7.2 ಅಥವಾ 7.4 ವೋಲ್ಟ್ ಅಂತ ಇರುತ್ತದೆ. ಪೂರ್ತಿ ತುಂಬಿದಾಗ 8.4. ಅದಕ್ಕಿಂತ ಮೇಲೆ ತುಂಬಬಾರದು. ಕೊಡ ತುಂಬಿದ ಮೇಲೂ ನಲ್ಲಿ ನಿಲ್ಲಿಸದಿದ್ದರೆ ನೀರು ಚೆಲ್ಲುತ್ತದೆ, ಅಷ್ಟೇ. ಇಲ್ಲಿ ಹಾಗಲ್ಲ. ಸೆಲ್ಲು ಬಿಸಿಯಾಗುತ್ತದೆ, ಒಳಗೆ ಅನಿಲ ಹುಟ್ಟಿ ಊದಿಕೊಳ್ಳುತ್ತದೆ. ತೀರಾ ಕೆಟ್ಟರೆ ಬೆಂಕಿಯೂ ಹತ್ತಬಹುದು.

ಹೀಗಾಗದಂತೆ ನೋಡಿಕೊಳ್ಳಲು ಡಬ್ಬಿಯೊಳಗೆ ಒಂದು ಪುಟ್ಟ ಸರ್ಕ್ಯೂಟ್ ಹಲಗೆ ಇರುತ್ತದೆ. ಜಾಸ್ತಿ ಚಾರ್ಜ್ ಆದರೆ, ತೀರಾ ಖಾಲಿಯಾದರೆ, ಶಾರ್ಟ್ ಆದರೆ ಅದು ಕರೆಂಟನ್ನು ಕಡಿದು ಹಾಕುತ್ತದೆ. ಬಿಸಿ ಎಷ್ಟಿದೆ ಎಂದು ಚಾರ್ಜರಿಗೆ ತಿಳಿಸುವ ಥರ್ಮಿಸ್ಟರ್ ಎಂಬ ಭಾಗವೂ ಹಲವು ಬ್ಯಾಟರಿಗಳಲ್ಲಿ ಇರುತ್ತದೆ. ಕೆಲವದರಲ್ಲಿ ಒಂದು ಚಿಪ್ ಇದ್ದು, ಎಷ್ಟು ಚಾರ್ಜ್ ಉಳಿದಿದೆ ಎಂದು ಕ್ಯಾಮೆರಾಕ್ಕೆ ಹೇಳುತ್ತದೆ.

ಅಗ್ಗದ ಬ್ಯಾಟರಿ ಮಾಡುವವರು ದುಡ್ಡು ಉಳಿಸುವುದು ಎಲ್ಲಿ? ಹೊರಗಿನ ಪ್ಲಾಸ್ಟಿಕ್‌ನಲ್ಲಿ ಉಳಿಸಿದರೆ ನಮಗೇನೂ ನಷ್ಟವಿಲ್ಲ. ಸೆಲ್ಲಿನಲ್ಲಿ, ಈ ಕಾವಲುಗಾರನಲ್ಲಿ ಉಳಿಸಿದರೆ ಅಪಾಯ. ಅಪಾಯ ಹೊರಗಿಂದ ಕಾಣುವುದಿಲ್ಲ. ಮಾವನ ಮಾತು ಇದು: “ನೋಡು ಪುಟ್ಟಿ, ಬ್ಯಾಟರಿನ ಬಿಚ್ಚಿ ನೋಡೋಕಾಗಲ್ಲ. ಅದಕ್ಕೇ ಮಾಡಿದೋನು ಯಾರು ಅಂತ ಮೊದಲು ನೋಡ್ಬೇಕು.”

ಎರಡಲ್ಲ, ಮೂರು ಬಗೆ

ನಮ್ಮ ಜಗಳಕ್ಕೆ ಕಾರಣವೇ ಇದು. ನಾವು ಒರಿಜಿನಲ್, ಡೂಪ್ಲಿಕೇಟ್ ಅಂತ ಎರಡೇ ಬಗೆ ಮಾಡಿಕೊಂಡಿದ್ದೇವೆ. ನಿಜವಾಗಿ ಮೂರು ಬಗೆ ಇವೆ.

ಒಂದು, ಕ್ಯಾಮೆರಾ ಕಂಪನಿಯೇ ತನ್ನ ಹೆಸರಲ್ಲಿ ಮಾರುವುದು.
ಎರಡು, ಬೇರೆ ಕಂಪನಿ ಅದೇ ಅಳತೆಗೆ ಮಾಡಿ, ತನ್ನ ಸ್ವಂತ ಹೆಸರು ಹಾಕಿ ಮಾರುವುದು.
ಮೂರು, ಯಾರೋ ಮಾಡಿ, ಕ್ಯಾಮೆರಾ ಕಂಪನಿಯ ಹೆಸರನ್ನು ಕದ್ದು ಅಂಟಿಸಿ ಮಾರುವುದು.

ಬಿತ್ತನೆ ಬೀಜಕ್ಕೆ ಹೋಲಿಸಿ ನೋಡಿ. ಹೆಸರು ವಿಳಾಸ ಇರುವ ಬೇರೆ ಕಂಪನಿಯ ಬೀಜ ತಂದರೆ ಅದು ಮೋಸವಲ್ಲ. ಮೊಳಕೆ ಬರದಿದ್ದರೆ ಕೇಳಲು ಒಬ್ಬರು ಇದ್ದಾರೆ. ದೊಡ್ಡ ಕಂಪನಿಯ ಚೀಲದಲ್ಲಿ ಯಾವುದೋ ಕಾಳು ತುಂಬಿ ಕೊಟ್ಟರೆ ಅದು ಮೋಸ. ಬೆಳೆ ಕೆಟ್ಟ ಮೇಲೆ ಯಾರನ್ನು ಹಿಡಿಯೋದು? ಮೂರನೇ ಬಗೆಯ ಬ್ಯಾಟರಿಯೂ ಹೀಗೇ. ನೋಡಲು ಒರಿಜಿನಲ್ಲೇ, ಬೆಲೆ ಮಾತ್ರ ಅರ್ಧ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಒರಿಜಿನಲ್ ಯಾವತ್ತೂ ಕೆಡುವುದೇ ಇಲ್ಲ ಅಂತಲೂ ತಿಳಿಯಬೇಡಿ. 2012ರಲ್ಲಿ ನಿಕಾನ್ ಕಂಪನಿ ತನ್ನದೇ ಇಎನ್-ಇಎಲ್15 ಬ್ಯಾಟರಿಗಳಲ್ಲಿ ಕೆಲವು ಲಾಟುಗಳು ವಿಪರೀತ ಬಿಸಿಯಾಗಬಹುದೆಂದು ಅವನ್ನು ವಾಪಸು ಕರೆಸಿ ಬದಲಿ ಕೊಟ್ಟಿತು. ಇದರಿಂದ ನಾವು ಕಲಿಯುವುದು ಏನು? ಯಾರು ಮಾಡಿದರೂ ತಪ್ಪು ನಡೆಯಬಹುದು. ಹೆಸರು ಹಾಕಿದವರು ಅದನ್ನು ಒಪ್ಪಿಕೊಂಡು ತಿದ್ದಬಲ್ಲರು. ಕಳ್ಳ ಹೆಸರಿನ ಮಾಲನ್ನು ವಾಪಸು ಕರೆಸುವವರು ಯಾರೂ ಇಲ್ಲ.

ಎರಡನೇ ಬಗೆಯಲ್ಲಿ ಒಂದು ತೊಂದರೆ ಉಂಟು. ಕ್ಯಾಮೆರಾದೊಳಗಿನ ಫರ್ಮ್‌ವೇರ್ ಎಂಬ ತಂತ್ರಾಂಶವನ್ನು ಕಂಪನಿ ಬದಲಿಸಿದರೆ, ಬೇರೆ ಕಂಪನಿಯ ಬ್ಯಾಟರಿಯನ್ನು ಕ್ಯಾಮೆರಾ ಒಪ್ಪದೇ ಹೋಗಬಹುದು. 2013ರಲ್ಲಿ ನಿಕಾನ್‌ನ ಕೆಲವು ಕ್ಯಾಮೆರಾಗಳಲ್ಲಿ ಹೀಗೆ ಆಗಿತ್ತು. ಕ್ಯಾಮೆರಾ ವಾರಂಟಿಯಲ್ಲಿದ್ದರೆ ಇನ್ನೊಂದು ಮಾತು. ಬೇರೆ ಬ್ಯಾಟರಿಯಿಂದ ಕ್ಯಾಮೆರಾ ಕೆಟ್ಟರೆ ರಿಪೇರಿ ನಮ್ಮ ಹೊಣೆಯಲ್ಲ ಎಂದು ಕ್ಯಾಮೆರಾ ಕಂಪನಿಗಳು ಹೇಳುತ್ತವೆ. ನಮ್ಮ ಶಾಲೆಯ ಕ್ಯಾಮೆರಾದ ವಾರಂಟಿ ಮುಗಿದು ಬಹಳ ದಿನ ಆಗಿದೆ.

ದೊಡ್ಡ ಅಂಕಿ ನೋಡಿ ಮರುಳಾಗಬೇಡಿ

ಬ್ಯಾಟರಿ ಮೇಲೆ ಎಂಎಎಚ್ ಅಂತ ಬರೆದಿರುತ್ತದೆ. ಮಿಲಿ ಆಂಪಿಯರ್ ಅವರ್ ಎಂದು ಅದರ ಅರ್ಥ. ನಮ್ಮ ಊರಿನ ನೀರಿನ ಟ್ಯಾಂಕಿಗೆ ಹೋಲಿಸಿದರೆ ವೋಲ್ಟ್ ಎಂದರೆ ಟ್ಯಾಂಕಿನ ಎತ್ತರ, ಎಂಎಎಚ್ ಎಂದರೆ ಟ್ಯಾಂಕು ಹಿಡಿಯುವ ನೀರು.

ಎಂಎಎಚ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ನಿಜ. ಆದರೆ ಒಂದು ಸೇರಿನಲ್ಲಿ ಎರಡು ಸೇರು ಅಕ್ಕಿ ಹಿಡಿಯುತ್ತದೆಯೇ? ಕ್ಯಾನನ್ ಕಂಪನಿಯ ಎಲ್‌ಪಿ-ಇ6 ಎಂಬ ಬ್ಯಾಟರಿ 2008ರಲ್ಲಿ ಬಂದಾಗ 1800 ಎಂಎಎಚ್ ಇತ್ತು. ಅದೇ ಆಕಾರದ ಹೊಸ ಬ್ಯಾಟರಿ ಎಲ್‌ಪಿ-ಇ6ಎನ್‌ಎಚ್ 2020ರಲ್ಲಿ ಬಂತು. ಅದರಲ್ಲಿ 2130. ಅಂದರೆ ಅಷ್ಟು ದೊಡ್ಡ ಕಂಪನಿಗೆ 12 ವರ್ಷದಲ್ಲಿ ಹೆಚ್ಚಿಸಲು ಆದದ್ದು 330 ಮಾತ್ರ, ನೂರಕ್ಕೆ ಸುಮಾರು 18. ಹಾಗಿರುವಾಗ ಯಾರೋ ಅದೇ ಡಬ್ಬಿಯ ಮೇಲೆ 3500 ಅಂತ ಬರೆದು ಅರ್ಧ ಬೆಲೆಗೆ ಕೊಟ್ಟರೆ ನಂಬೋದು ಹೇಗೆ? ಮಾವನ ಚೀಲದಲ್ಲೂ ಅಂಥದ್ದೊಂದು ಇದೆ. ಬರೆದಿರುವುದು ದೊಡ್ಡದು, ಆದರೆ ಮದುವೆ ಮನೆಯಲ್ಲಿ ಮೊದಲು ಮಲಗುವುದು ಅದೇ.

ಇನ್ನೊಂದು ಲೆಕ್ಕ ನಾವೇ ಮಾಡಬಹುದು. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ವ್ಯಾಟ್ ಅವರ್ ಬರಬೇಕು. ನಮ್ಮ ಹಳೆಯ ಬ್ಯಾಟರಿ ಮೇಲೆ 7.4 ವೋಲ್ಟ್, 860 ಎಂಎಎಚ್ ಎಂದಿದೆ. 860 ಎಂಎಎಚ್ ಎಂದರೆ 0.86 ಆಂಪಿಯರ್ ಅವರ್. 7.4 × 0.86 = 6.36. ಲೇಬಲ್ಲಿನಲ್ಲಿ 6.4 ವ್ಯಾಟ್ ಅವರ್ ಅಂತಲೇ ಇದೆ, ಸರಿಹೋಯಿತು. ಈ ಲೆಕ್ಕ ಸರಿಹೋದ ಮಾತ್ರಕ್ಕೆ ಬ್ಯಾಟರಿ ಒಳ್ಳೆಯದು ಅಂತಲ್ಲ. ಆದರೆ ಲೆಕ್ಕವೇ ತಪ್ಪಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಅಂಗಡಿಯಲ್ಲಿ ನೋಡಬೇಕಾದದ್ದು

1. ಮಾಡಿದ ಕಂಪನಿಯ ಹೆಸರು, ವಿಳಾಸ ಬ್ಯಾಟರಿ ಅಥವಾ ಡಬ್ಬಿಯ ಮೇಲೆ ಇರಬೇಕು.
2. ನಮ್ಮ ದೇಶದಲ್ಲಿ ಇಂಥ ಬ್ಯಾಟರಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಐಎಸ್ 16046 ಎಂಬ ಮಾನಕ, ಜೊತೆಗೆ ಇಂಗ್ಲಿಷಿನ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರದೆಂದು ತಿಳಿಯುತ್ತದೆ.
3. ಕ್ಯಾಮೆರಾದ ಮಾಡೆಲ್ ಹೆಸರು ಹೇಳಿ, ಅದಕ್ಕೆ ನಡೆಯುತ್ತದೆಂದು ಖಾತ್ರಿ ಮಾಡಿಕೊಳ್ಳಿ. ಸಾಧ್ಯವಾದರೆ ಕ್ಯಾಮೆರಾ ತೆಗೆದುಕೊಂಡು ಹೋಗಿ ಹಾಕಿ ನೋಡಿ. ಬಲವಂತವಾಗಿ ತುರುಕಬೇಡಿ.
4. ರಸೀದಿ ಕೇಳಿ. ಬಿಲ್ ಕೊಡಲ್ಲ ಅಂದರೆ ಬ್ಯಾಟರಿಯೂ ಬೇಡ.
5. ಜೊತೆಗೆ ಪುಕ್ಕಟೆ ಚಾರ್ಜರ್ ಕೊಟ್ಟರೆ ಹಿಗ್ಗಬೇಡಿ. 8.4 ವೋಲ್ಟಿಗೆ ಸರಿಯಾಗಿ ನಿಲ್ಲಿಸುವ ಕೆಲಸ ಚಾರ್ಜರಿನದು. ನಮ್ಮ ಹಳೆಯ ಒರಿಜಿನಲ್ ಚಾರ್ಜರ್ ಚೆನ್ನಾಗಿಯೇ ಇದೆ.

ತಂದ ಮೇಲೆ

ಬ್ಯಾಟರಿಗಳಿಗೆ ಒಂದು, ಎರಡು ಎಂದು ನಂಬರ್ ಹಾಕಿ, ತಂದ ತಾರೀಕು ಬರೆಯೋಣ. ಪೂರ್ತಿ ಚಾರ್ಜ್ ಮಾಡಿ, ಎಷ್ಟು ಫೋಟೋ ಬಂತು ಎಂದು ಪುಸ್ತಕದಲ್ಲಿ ಗುರುತು ಹಾಕೋಣ. ವಾರ್ಷಿಕೋತ್ಸವಕ್ಕೆ ಮುಂಚೆಯೇ ಈ ಪರೀಕ್ಷೆ ಆಗಬೇಕು.

ರಾತ್ರಿ ಚಾರ್ಜಿಗೆ ಹಾಕಿ ಶಾಲೆ ಬೀಗ ಹಾಕಿಕೊಂಡು ಹೋಗುವುದು ಬೇಡವೇ ಬೇಡ, ಒರಿಜಿನಲ್ ಆದರೂ ಸರಿ. ಆಫೀಸಿನ ಮರದ ಬೀರುವಿನಲ್ಲಿ ನಮ್ಮೆಲ್ಲರ ಅಂಕಪಟ್ಟಿ, ದಾಖಲಾತಿ ಪುಸ್ತಕ ಇವೆ. ಯಾರಾದರೂ ಇರುವಾಗ, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ ಇಟ್ಟು ಚಾರ್ಜ್ ಮಾಡಬೇಕು. ಬಹಳ ದಿನ ಬಳಸುವುದಿಲ್ಲ ಎಂದರೆ ಸುಮಾರು ಅರ್ಧ ಚಾರ್ಜಿನಲ್ಲಿ ತಂಪಾದ ಜಾಗದಲ್ಲಿ ಇಡಬೇಕು. ನಾಣ್ಯ, ಕೀಲಿಕೈ ಇರುವ ಜೇಬಿಗೆ ಹಾಕಬಾರದು, ಶಾರ್ಟ್ ಆಗುತ್ತದೆ.

ಊದಿಕೊಂಡ ಬ್ಯಾಟರಿಯನ್ನು ಯಾರೂ ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಹಳೆಯದನ್ನು ತಿಪ್ಪೆಗೂ ಒಲೆಗೂ ಎಸೆಯಬೇಡಿ. ತುದಿಗಳಿಗೆ ಟೇಪ್ ಸುತ್ತಿ, ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಗೆ ಕೊಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹದ ಜವಾಬ್ದಾರಿ ತಯಾರಕರದು.

ನನ್ನ ಅಭಿಪ್ರಾಯ

ಹೊಸ ಕ್ಯಾಮೆರಾ, ವಾರಂಟಿ ಇದೆ ಎನ್ನುವವರು ಒರಿಜಿನಲ್ಲೇ ತೆಗೆದುಕೊಳ್ಳಲಿ. ನಮ್ಮದು ಹಳೆಯ ಕ್ಯಾಮೆರಾ, ಕೈಯಲ್ಲಿರುವುದು ಚಂದಾ ದುಡ್ಡು. ಸ್ವಂತ ಹೆಸರು, ನೋಂದಣಿ ಸಂಖ್ಯೆ, ಬಿಲ್ ಮೂರೂ ಇರುವ ಬೇರೆ ಕಂಪನಿ ಬ್ಯಾಟರಿ ಎರಡು ತರೋಣ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಅಂಥದ್ದು ಸಿಗದಿದ್ದರೆ ನಂಬಿಕಸ್ಥ ಅಂಗಡಿಯಿಂದ ಒರಿಜಿನಲ್ ಒಂದೇ ತರೋಣ. “ಒರಿಜಿನಲ್ಲೇ ಸಾರ್, ಅರ್ಧ ರೇಟಿಗೆ ಕೊಡ್ತೀನಿ” ಅನ್ನುವವರ ಅಂಗಡಿಗೆ ಮಾತ್ರ ಹೋಗೋದು ಬೇಡ.

ಒಪ್ಪದವರು ಕಾರಣವನ್ನು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ. ಶನಿವಾರ ಸಭೆಯಲ್ಲಿ ಅವನ್ನೂ ಓದೋಣ.