ಪ್ರೇಕ್ಷಕನ ಬೆರಳಿಗೆ ಮಣಿಯುವ ಚಿತ್ರ

ತೆರೆಯ ಮೇಲೆ ಕಥೆ ರಂಗೇರಿದೆ. ನಾಯಕ ನೊವಾಕ್ ಮನೆಯಲ್ಲಿ ಒಬ್ಬನೇ ಇದ್ದಾನೆ. ಹೆಂಡತಿ ಮರಳಿ ಬರುವ ಹೊತ್ತಾಗಿದೆ. ನೆರೆಮನೆಯ ತರುಣಿಯೊಬ್ಬಳು, ತನ್ನ ಮನೆಯ ಬಾಗಿಲು ಮುಚ್ಚಿಕೊಂಡುಬಿಟ್ಟಿದ್ದರಿಂದ, ಮೈಗೆ ಟವೆಲು ಸುತ್ತಿಕೊಂಡೇ ಬಂದು ಅವನ ಬಾಗಿಲ ಮುಂದೆ ನಿಂತಿದ್ದಾಳೆ. ಅವಳನ್ನು ಒಳಗೆ ಬಿಡಬೇಕೆ, ಬೇಡವೆ? ಅಷ್ಟರಲ್ಲಿ ಚಿತ್ರ ನಿಲ್ಲುತ್ತದೆ. ನಾಯಕನ ಪಾತ್ರ ವಹಿಸಿದ ನಟ ಮಿರೊಸ್ಲಾವ್ ಹೊರ್ನಿಚೆಕ್ ಸ್ವತಃ ರಂಗದ ಮೇಲೆ ಬಂದು, ಆ ನಿರ್ಧಾರವನ್ನು ಪ್ರೇಕ್ಷಕರಿಗೇ ಒಪ್ಪಿಸುತ್ತಾನೆ. ಪ್ರತಿಯೊಂದು ಆಸನದಲ್ಲಿಯೂ ಎರಡು ಗುಂಡಿಗಳು: ಒಂದು ಕೆಂಪು, ಇನ್ನೊಂದು ಹಸಿರು. ಬಹುಮತ ಬಿದ್ದ ಕಡೆಗೆ ಕಥೆ ಮುಂದುವರಿಯುತ್ತದೆ.

ಈ ಸೋಜಿಗ ನಡೆದದ್ದು 1967ರಲ್ಲಿ, ಕೆನಡಾದ ಮಾಂಟ್ರಿಯಲ್ ನಗರದ ವಿಶ್ವ ವಸ್ತುಪ್ರದರ್ಶನದಲ್ಲಿ. ಚೆಕೊಸ್ಲೊವಾಕಿಯಾ ದೇಶದ ಮಂಟಪದಲ್ಲಿ ತೋರಿಸಿದ ಈ ಪ್ರಯೋಗದ ಹೆಸರು ‘ಕಿನೋಆಟೊಮಾಟ್’. ಅದರ ಜನಕ ರಾದುಜ್ ಚಿಂಚೆರ. ಪ್ರೇಕ್ಷಕನು ಚಿತ್ರದ ನಡಿಗೆಯನ್ನು ನಿರ್ಣಯಿಸುವ ಕಲೆಗೆ ಅಲ್ಲಿಂದಲೇ ಆರಂಭವೆನ್ನುವುದು ರೂಢಿ.

ಇಪ್ಪತ್ತು ತುಣುಕು, ಸಾವಿರ ಚಿತ್ರ

ಇದರ ಒಳಗುಟ್ಟು ಸರಳವಾದದ್ದು. ಎರಡು ಪ್ರದರ್ಶಕ ಯಂತ್ರಗಳು ಏಕಕಾಲದಲ್ಲಿ ಓಡುತ್ತಿದ್ದವು. ಗೆದ್ದ ಕಥೆಯ ಬೆಳಕನ್ನು ಮಾತ್ರ ತೆರೆಗೆ ಬಿಡಲಾಗುತ್ತಿತ್ತು. ಆದರೆ ಒಂದು ಶಂಕೆ ಏಳುತ್ತದೆ. ಪ್ರತಿ ಆಯ್ಕೆಯಲ್ಲಿಯೂ ಕಥೆ ಇಬ್ಬಾಗವಾಗುತ್ತ ಹೋದರೆ ಗತಿಯೇನು? ಹತ್ತು ಆಯ್ಕೆಗಳಾಗುವಷ್ಟರಲ್ಲಿ 2046 ತುಣುಕುಗಳನ್ನು ಚಿತ್ರಿಸಬೇಕಾಗುತ್ತದೆ. ಯಾವ ನಿರ್ಮಾಪಕನ ಥೈಲಿಯೂ ಇದಕ್ಕೆ ಸಾಲದು. ಚಿಂಚೆರ ಕಂಡುಕೊಂಡ ಉಪಾಯವೆಂದರೆ, ಕವಲೊಡೆದ ದಾರಿಗಳು ಸ್ವಲ್ಪ ದೂರ ಸಾಗಿ ಮತ್ತೆ ಒಂದೇ ಹೆದ್ದಾರಿಗೆ ಬಂದು ಸೇರುವಂತೆ ಕಥೆಯನ್ನು ಹೆಣೆಯುವುದು. ಹೀಗೆ ಮಾಡಿದರೆ ಹತ್ತು ಆಯ್ಕೆಗಳಿಗೆ 20 ತುಣುಕುಗಳು ಸಾಕು. ಅವುಗಳ ಜೋಡಣೆಯಿಂದಲೇ 1024 ಬಗೆಯ ಚಿತ್ರಗಳು ಹುಟ್ಟುತ್ತವೆ. ಜನ ಏನೇ ಆರಿಸಲಿ, ನೊವಾಕನ ಕಟ್ಟಡಕ್ಕೆ ಕೊನೆಗೆ ಬೆಂಕಿ ಬಿದ್ದೇ ಬೀಳುತ್ತಿತ್ತು. ಎಲ್ಲರೂ ಮತ ಹಾಕಿ, ಯಾವುದೂ ಬದಲಾಗದ ಲೋಕದ ವಿಡಂಬನೆಯನ್ನು ಇದರಲ್ಲಿ ಕಂಡವರುಂಟು. 1972ರಲ್ಲಿ ಆ ದೇಶದ ಕಮ್ಯೂನಿಸ್ಟ್ ಆಡಳಿತ ಈ ಚಿತ್ರವನ್ನು ನಿಷೇಧಿಸಿತು.

ಊರ ಬಾಗಿಲಿನ ಕಣಜ

ಇಂದು ಇದೇ ತತ್ತ್ವ ಮನೆಮನೆಯ ದೂರದರ್ಶನ ಪೆಟ್ಟಿಗೆಯನ್ನೂ ಅಂಗೈಯ ಫೋನನ್ನೂ ಹೊಕ್ಕಿದೆ. ಅಂತರಜಾಲದಲ್ಲಿ ಬರುವ ಚಿತ್ರ ಅಖಂಡವಾದ ಸುರುಳಿಯಲ್ಲ. ಕೆಲವೇ ಸೆಕೆಂಡುಗಳ ತುಣುಕುಗಳ ಸರಮಾಲೆ. ಯಾವ ತುಣುಕಿನ ಹಿಂದೆ ಯಾವುದು ಬರಬೇಕೆಂಬುದನ್ನು ತಿಳಿಸುವುದು ಒಂದು ಚಿಕ್ಕ ಪಟ್ಟಿ. ಲಕ್ಷ ಜನರಿಗೆ ಲಕ್ಷ ಚಿತ್ರಗಳನ್ನು ತಯಾರಿಸುವ ಅಗತ್ಯವೇ ಇಲ್ಲ. ತುಣುಕುಗಳು ಎಲ್ಲರಿಗೂ ಸಮಾನ. ಪಟ್ಟಿ ಮಾತ್ರ ಅವರವರದು. ಒಂದೇ ಹೂಬುಟ್ಟಿಯಿಂದ ಬೇರೆ ಬೇರೆ ಮಾಲೆಗಳನ್ನು ಕಟ್ಟಿದಂತೆ.

ತುಣುಕುಗಳು ಸಮಾನವಾದ್ದರಿಂದಲೇ ಅವುಗಳನ್ನು ಮುಂಚಿತವಾಗಿ ನೋಡುಗರ ಸಮೀಪದಲ್ಲಿ ಕೂಡಿಡಬಹುದು. ಇದಕ್ಕೆ ತಂತ್ರಜ್ಞರು ಹೇಳುವ ಹೆಸರು ‘ಕ್ಯಾಶ್’, ಕಣಜವೆಂದರೂ ಒಪ್ಪುತ್ತದೆ. ನೆಟ್‌ಫ್ಲಿಕ್ಸ್ ಸಂಸ್ಥೆ 2012ರಲ್ಲಿ ‘ಓಪನ್ ಕನೆಕ್ಟ್’ ಎಂಬ ಯೋಜನೆಯನ್ನು ಪ್ರಕಟಿಸಿ, ಅಂತರಜಾಲ ಸಂಪರ್ಕ ಒದಗಿಸುವ ಕಂಪನಿಗಳ ಕಟ್ಟಡಗಳಲ್ಲಿಯೇ ತನ್ನ ಸಂಗ್ರಹ ಯಂತ್ರಗಳನ್ನು ಇರಿಸಲಾರಂಭಿಸಿತು. ನಾಳೆ ಜನ ಏನು ನೋಡಬಹುದೆಂದು ಅಂದಾಜು ಮಾಡಿ, ಸಂಚಾರ ವಿರಳವಾಗಿರುವ ವೇಳೆಯಲ್ಲಿ ಆ ಕಣಜಗಳನ್ನು ತುಂಬಲಾಗುತ್ತದೆ. ಸಂಜೆ ಊರಿಗೆ ಊರೇ ಒಂದೇ ಚಿತ್ರವನ್ನು ಬಯಸಿದರೂ ಸಾಗರದಾಚೆಗೆ ಓಡಬೇಕಾಗಿಲ್ಲ.

2018ರ ಡಿಸೆಂಬರ್ 28ರಂದು ಆ ಸಂಸ್ಥೆ ‘ಬ್ಯಾಂಡರ್‌ಸ್ನ್ಯಾಚ್’ ಎಂಬ ಚಿತ್ರವನ್ನು ಬಿಡುಗಡೆ ಮಾಡಿತು. 1984ನೆಯ ಇಸವಿಯಲ್ಲಿ ಕಂಪ್ಯೂಟರ್ ಆಟವೊಂದನ್ನು ರಚಿಸಲು ಹೊರಟ ಯುವಕನ ಕಥೆ ಅದು. ಬೆಳಗಿನ ಉಪಾಹಾರಕ್ಕೆ ಯಾವ ತಿನಿಸೆಂಬುದೇ ಮೊದಲ ಪ್ರಶ್ನೆ. ಉತ್ತರಕ್ಕೆ ಹತ್ತು ಸೆಕೆಂಡುಗಳ ಅವಧಿ. ನೋಡುಗನು ಸುಮ್ಮನಿದ್ದರೆ ಚಿತ್ರವೇ ಒಂದನ್ನು ಆರಿಸಿಕೊಂಡು ನಡೆಯುತ್ತದೆ. ನೋಡುಗನು ಯೋಚಿಸುತ್ತಿರುವಾಗಲೇ ಯಂತ್ರವು ಮುಂದಿನ ದೃಶ್ಯವನ್ನು ತಂದಿಟ್ಟುಕೊಳ್ಳುವುದರಿಂದ ಕಥೆ ಎಲ್ಲಿಯೂ ತಡವರಿಸುವುದಿಲ್ಲ.

ಗುಂಡಿ ಒತ್ತಿದ್ದನ್ನು ಬಲ್ಲವರಾರು?

ಈ ಜಾಣ್ಮೆಯಲ್ಲಿಯೇ ಒಂದು ಬಿರುಕೂ ಇತ್ತು. 2019ರಲ್ಲಿ ಮದ್ರಾಸ್ ಐ.ಐ.ಟಿ.ಯ ಸಂಶೋಧಕರು ಅದನ್ನು ತೋರಿಸಿಕೊಟ್ಟರು. ಯಂತ್ರ ಮೊದಲೇ ತರಿಸಿಟ್ಟುಕೊಂಡ ದಾರಿಯನ್ನೇ ನೋಡುಗ ಆರಿಸಿದರೆ ಒಂದು ಬಗೆಯ ಸಂದೇಶ ಹೊರಡುತ್ತದೆ. ಬೇರೆ ದಾರಿ ಹಿಡಿದರೆ ಮತ್ತೊಂದು ಸಂದೇಶವೂ ಸೇರುತ್ತದೆ. ಲಕೋಟೆ ಅಂಟಿಸಿದ್ದರೂ ಅದರ ದಪ್ಪ ನೋಡಿ ಒಳಗಿನ ಸುದ್ದಿಯನ್ನು ಊಹಿಸುವಂತೆ, ಗೂಢಲಿಪಿಯಲ್ಲಿದ್ದ ಆ ಸಂದೇಶಗಳ ಗಾತ್ರದಿಂದಲೇ ಅವರು ನೂರಕ್ಕೆ 96ರಷ್ಟು ನಿಖರವಾಗಿ ಆಯ್ಕೆಗಳನ್ನು ಗುರುತಿಸಿದರು. ಅದೇ ವರ್ಷ ಲಂಡನ್ನಿನ ಸಂಶೋಧಕರೊಬ್ಬರು ಯುರೋಪಿನ ಕಾನೂನಿನ ಬಲದಿಂದ ಕೇಳಿದಾಗ, ಅವರು ಆ ಚಿತ್ರದಲ್ಲಿ ಮಾಡಿದ ಆಯ್ಕೆಗಳ ದಾಖಲೆಯನ್ನೇ ಸಂಸ್ಥೆ ಒಪ್ಪಿಸಿತು.

ಮಾಂಟ್ರಿಯಲ್ಲಿನ ಸಭಾಂಗಣದಲ್ಲಿ ಪ್ರತಿ ಆಸನದ ಮತವೂ ತೆರೆಯ ಅಂಚಿನಲ್ಲಿ ಬಣ್ಣದ ದೀಪವಾಗಿ ಎಲ್ಲರಿಗೂ ಕಾಣುತ್ತಿತ್ತು. ಆಟ ಮುಗಿದರೆ ದೀಪವೂ ಆರುತ್ತಿತ್ತು. ಇಂದು ಪಕ್ಕದಲ್ಲಿ ಕುಳಿತವರ ಹೊರತು ಯಾರಿಗೂ ಕಾಣದ ಆಯ್ಕೆ, ಎಲ್ಲೋ ದೂರದ ಕಡತದಲ್ಲಿ ಉಳಿಯುತ್ತದೆ. ತಿನಿಸಿನ ಪ್ರಶ್ನೆ ಅಲ್ಪವೆನಿಸಬಹುದು. ಆದರೆ ಸಿಟ್ಟು ಬಂದಾಗ, ಭಯವಾದಾಗ, ಪರರ ಕಷ್ಟ ಕಂಡಾಗ ಒಬ್ಬ ಮನುಷ್ಯ ಯಾವ ಗುಂಡಿ ಒತ್ತುತ್ತಾನೆಂಬುದು ಅವನ ಸ್ವಭಾವದ ಜಾತಕವೇ ಸರಿ.

ಇನ್ನೊಂದು ಮಾತೂ ಉಂಟು. ನಿಷೇಧಕ್ಕೊಳಗಾದ ಕಿನೋಆಟೊಮಾಟ್ ಚಿತ್ರವನ್ನು ಚಿಂಚೆರರ ಮಗಳು ಅಲೆನಾ ವರ್ಷಗಳ ಬಳಿಕ ಮತ್ತೆ ತೆರೆಗೆ ತಂದರು. ಸುರುಳಿಗಳು ಉಳಿದಿದ್ದವು; ಗುಂಡಿಗಳ ವ್ಯವಸ್ಥೆಯನ್ನು ಹೊಸದಾಗಿ ಮಾಡಿಕೊಳ್ಳಬಹುದಾಗಿತ್ತು. ಬ್ಯಾಂಡರ್‌ಸ್ನ್ಯಾಚ್ ಚಿತ್ರವನ್ನು ನೆಟ್‌ಫ್ಲಿಕ್ಸ್ 2025ರ ಮೇ ತಿಂಗಳಿನಲ್ಲಿ ತನ್ನ ಭಂಡಾರದಿಂದ ತೆಗೆದುಹಾಕಿತು. ಪಟ್ಟಿ ಹೆಣೆಯುವ ಯಂತ್ರವಿಲ್ಲದೆ ಅದರ ತುಣುಕುಗಳು ದಾರ ಕಡಿದ ಮಾಲೆಯ ಹೂವುಗಳು ಮಾತ್ರ. ಕಣಜ ಎಷ್ಟೇ ಹತ್ತಿರವಿರಲಿ, ಅದರ ಬೀಗದ ಕೈ ಯಾರಲ್ಲಿದೆಯೆಂಬುದನ್ನು ಪ್ರೇಕ್ಷಕನು ಮರೆಯಬಾರದು.