ನಿಧಾನವೆಲ್ಲ ರೋಗವಲ್ಲ
(ಬಾನುಲಿ ಭಾಷಣ)

ನನಗೆ ಪರಿಚಿತರಾದ ಹಿರಿಯರೊಬ್ಬರಿದ್ದಾರೆ; ನಿವೃತ್ತ ಉಪಾಧ್ಯಾಯರು. ತಮ್ಮ ಸೀಮೆಯ ಒಕ್ಕಲುಮಕ್ಕಳ ಬಾಯಲ್ಲಿ ಉಳಿದಿರುವ ಮಾತುಗಳನ್ನು, ಎಂದರೆ ನೇಗಿಲಿನ ಒಂದೊಂದು ಭಾಗದ ಹೆಸರು, ಮಳೆಯ ಬಗೆಗಳಿಗೆ ಇಟ್ಟ ಹೆಸರು, ಕಣದಲ್ಲಿ ರಾಶಿಯ ಮುಂದೆ ಆಡುವ ಮಾತು, ಆಡಬಾರದ ಮಾತು ಇವನ್ನೆಲ್ಲ ಕೇಳಿ ಬರೆದುಕೊಂಡು, ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಅಕಾರಾದಿಯಾಗಿ ಜೋಡಿಸಿಡುವುದು ಅವರ ಇಳಿವಯಸ್ಸಿನ ವ್ಯವಸಾಯ. ಆ ಲ್ಯಾಪ್‌ಟಾಪು ಕ್ರಮೇಣ ನಿಧಾನವಾಗತೊಡಗಿತು. ಗುಂಡಿ ಒತ್ತಿ ಒಳಗೆ ಹೋಗಿ ಕಾಫಿ ಕುಡಿದು ಬಂದರೂ ತೆರೆ ಪೂರ್ತಿ ಬೆಳಗಿರುತ್ತಿರಲಿಲ್ಲ. ಅಕ್ಷರವೊಂದನ್ನು ಒತ್ತಿದರೆ ಅದು ಮೂಡುವುದಕ್ಕೆ ಕಾಯಬೇಕು. ರಿಪೇರಿ ಅಂಗಡಿಯ ಹುಡುಗ ಎರಡು ನಿಮಿಷ ನೋಡಿ, "ವೈರಸ್ ಹೊಕ್ಕಿದೆ ಸಾರ್, ಎಲ್ಲಾ ಅಳಿಸಿ ಹೊಸದಾಗಿ ಹಾಕಿಕೊಡ್ತೀನಿ, ಸಂಜೆ ಬನ್ನಿ" ಎಂದ. ಬರಹಗಳ ಪ್ರತಿ ಬೇರೆಲ್ಲಾದರೂ ಇದೆಯೇ ಎಂದು ಅವನು ಕೇಳಲಿಲ್ಲ. ಇಲ್ಲವೆಂದು ಇವರು ಹೇಳಲಿಲ್ಲ.

ಸಂಜೆ ಯಂತ್ರ ಹಗುರಾಗಿ ಓಡುತ್ತಿತ್ತು. ಎರಡು ವರ್ಷದ ಸಂಗ್ರಹ ಅದರಲ್ಲಿರಲಿಲ್ಲ. ವಾರ ಕಳೆಯುವುದರೊಳಗೆ ಯಂತ್ರ ಮತ್ತೆ ಹಳೆಯ ನಡಿಗೆಗೇ ಬಂದಿತು. ಬೇರೊಬ್ಬರು ಬಿಚ್ಚಿ ನೋಡಿದಾಗ, ಒಳಗಿನ ಹಾರ್ಡ್ ಡಿಸ್ಕ್ ಸವೆದು ಕೊನೆಯ ದಿನಗಳನ್ನು ಎಣಿಸುತ್ತಿದ್ದುದು ಗೊತ್ತಾಯಿತು. ವೈರಸ್ ಇದ್ದಿತೋ ಇಲ್ಲವೋ ಇನ್ನು ಹೇಳುವಂತಿಲ್ಲ. ಅಳಿಸಿದಾಗ ಸಾಕ್ಷ್ಯವೂ ಅಳಿಸಿಹೋಯಿತು. ನಿಧಾನಕ್ಕೆ ಮಾತ್ರ ಅದು ಕಾರಣವಾಗಿರಲಿಲ್ಲ.

ನಮ್ಮ ವೇದಾಂತಿಗಳು ಹಗ್ಗವನ್ನು ಹಾವೆಂದು ಭ್ರಮಿಸುವವನ ದೃಷ್ಟಾಂತವನ್ನು ಕೊಡುತ್ತಾರೆ. ಭ್ರಮೆ ಭ್ರಮೆಯಾಗಿಯೇ ಉಳಿದರೆ ಚಿಂತೆಯಿಲ್ಲ. ಹಾವೆಂದು ಹೆದರಿ ಮನೆಗೇ ಬೆಂಕಿಯಿಟ್ಟರೆ ನಷ್ಟ ನಿಜವಾದದ್ದು. ಜ್ವರವೆಂಬುದು ಹೇಗೆ ರೋಗವಲ್ಲವೋ, ರೋಗದ ಒಂದು ಲಕ್ಷಣವೋ, ಹಾಗೆಯೇ ಕಂಪ್ಯೂಟರಿನ ನಿಧಾನವೂ ಒಂದು ಲಕ್ಷಣ. ಅದರ ಹಿಂದೆ ಹತ್ತು ಕಾರಣಗಳಿರಬಹುದು. ನಾಡಿ ನೋಡದೆ ಮದ್ದು ಕೊಡುವ ವೈದ್ಯನನ್ನು ನಾವು ನಂಬುವುದಿಲ್ಲ. ಯಂತ್ರದ ವಿಷಯದಲ್ಲಿ ಮಾತ್ರ ಏಕೆ ನಂಬಬೇಕು?

ನಿಧಾನವಾದೊಡನೆ ವೈರಸ್ಸನ್ನು ನೆನೆಯುವ ಅಭ್ಯಾಸಕ್ಕೆ ಒಂದು ಇತಿಹಾಸವಿದೆ. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ 'ಬ್ರೇನ್' ಎಂಬ ವೈರಸ್ ಫ್ಲಾಪಿಗಳ ಮೂಲಕ ದೇಶದೇಶಗಳಿಗೆ ಹಬ್ಬಿತು; ಅದು ಹೊಕ್ಕ ಯಂತ್ರದಲ್ಲಿ ಫ್ಲಾಪಿಯ ಓದು ನಿಧಾನವಾಗುತ್ತಿತ್ತು. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಅಂತರ್ಜಾಲಕ್ಕೆ ಬಿಟ್ಟ 'ಹುಳು' ಇನ್ನೂ ಸ್ವಾರಸ್ಯವಾದದ್ದು. ಅದು ಒಂದು ಯಂತ್ರವನ್ನು ಹೊಕ್ಕೊಡನೆ, ಅಲ್ಲಿ ತನ್ನ ಇನ್ನೊಂದು ಪ್ರತಿ ಮೊದಲೇ ಇದೆಯೇ ಎಂದು ವಿಚಾರಿಸುತ್ತಿತ್ತು. ಯಾರಾದರೂ ಸುಳ್ಳಾಗಿ 'ಇದೆ' ಎನ್ನಿಸಿ ತಡೆದಾರೆಂಬ ಶಂಕೆಯಿಂದ, 'ಇದೆ' ಎಂಬ ಉತ್ತರ ಬಂದರೂ ಏಳರಲ್ಲೊಂದು ಬಾರಿ ಅಲ್ಲಿಯೇ ನೆಲೆಸುವಂತೆ ಮೋರಿಸ್ ಅದನ್ನು ರೂಪಿಸಿದ್ದ. ಈ ಅತಿಬುದ್ಧಿಯೇ ಅದರ ಗುಟ್ಟನ್ನು ರಟ್ಟುಮಾಡಿತು. ಒಂದೊಂದು ಯಂತ್ರದಲ್ಲಿಯೂ ಪ್ರತಿಯ ಮೇಲೆ ಪ್ರತಿ ಕೂತು, ಸಾವಿರಾರು ಕಂಪ್ಯೂಟರುಗಳು ಒಂದೇ ರಾತ್ರಿಯಲ್ಲಿ ಕುಂಟಿ ಕುಂಟಿ ನಿಂತವು.

ಆ ಕಾಲದ ವೈರಸ್ಸುಗಳಲ್ಲಿ ಎಷ್ಟೋ ಯುವಕರ ಚೇಷ್ಟೆಗಳು. ಇಂದಿನವು ಕಸುಬುದಾರ ಕಳ್ಳರ ಉಪಕರಣಗಳು. ಇವನ್ನೆಲ್ಲ ಒಟ್ಟಾಗಿ ಮಾಲ್‌ವೇರ್, ಎಂದರೆ ದುಷ್ಟ ತಂತ್ರಾಂಶ, ಎನ್ನುತ್ತಾರೆ. ಕನ್ನ ಹಾಕುವವನು ತಮಟೆ ಬಾರಿಸಿಕೊಂಡು ಬರುವುದಿಲ್ಲ. ನಿಮ್ಮ ಬ್ಯಾಂಕಿನ ಗುಪ್ತಪದವನ್ನು ಕದಿಯಲು ಬಂದ ತಂತ್ರಾಂಶ ಯಂತ್ರವನ್ನು ಆದಷ್ಟು ಸುಗಮವಾಗಿಯೇ ಓಡಲು ಬಿಡುತ್ತದೆ. ಮನೆಯೊಡೆಯನಿಗೆ ಎಚ್ಚರವಾಗದಿರುವುದೇ ಅದಕ್ಕೆ ಲಾಭ. ಆದುದರಿಂದ ನಿಧಾನವಾದ ಯಂತ್ರ ನಿರೋಗಿಯಾಗಿರಬಹುದು, ಚುರುಕಾಗಿ ಓಡುವ ಯಂತ್ರವೇ ರೋಗಿಯಾಗಿರಬಹುದು. ಇದಕ್ಕೆ ಮುಖ್ಯವಾದ ಅಪವಾದವೊಂದಿದೆ. ಬಿಟ್‌ಕಾಯಿನ್‌ನಂಥ ಗೂಢನಾಣ್ಯಗಳನ್ನು ಗಳಿಸಲು ಅಪಾರವಾದ ಲೆಕ್ಕ ಮಾಡಬೇಕಾಗುತ್ತದೆ. ಆ ಲೆಕ್ಕವನ್ನು ಪರರ ಯಂತ್ರಗಳಿಂದ, ಪರರ ವಿದ್ಯುತ್ತಿನಿಂದ ಮಾಡಿಸಿಕೊಳ್ಳುವ ತಂತ್ರಾಂಶಗಳು ಹೊಕ್ಕರೆ ಯಂತ್ರ ಕಾಯುತ್ತದೆ, ಏದುತ್ತದೆ, ನಿಧಾನವಾಗುತ್ತದೆ. ಬ್ರೌಸರಿಗೆ ಅಂಟಿಕೊಂಡು ಜಾಹೀರಾತುಗಳನ್ನು ಸುರಿಸುವ ಪರೋಪಜೀವಿಗಳದೂ ಇದೇ ಕಥೆ.

ಹಾಗಾದರೆ ನಿಧಾನದ ಸಾಮಾನ್ಯ ಕಾರಣಗಳಾವುವು? ಯಂತ್ರದ ಒಳಗನ್ನು ಒಬ್ಬ ಗುಮಾಸ್ತನ ಕೊಠಡಿಯೆಂದು ಭಾವಿಸೋಣ. ಪ್ರೊಸೆಸರ್ ಗುಮಾಸ್ತ, ಮೆಮೊರಿ ಅವನ ಮುಂದಿನ ಮೇಜು, ಡಿಸ್ಕ್ ಕಡತಗಳ ಉಗ್ರಾಣ. ಮೇಜಿನ ಮೇಲಿರುವ ಕಾಗದ ಕೈಚಾಚಿದರೆ ಸಿಗುತ್ತದೆ. ಇಲ್ಲದುದಕ್ಕೆ ಉಗ್ರಾಣಕ್ಕೆ ಹೋಗಬೇಕು. ಮೇಜು ತುಂಬಿದರೆ ಇದ್ದ ಕಾಗದಗಳನ್ನು ಉಗ್ರಾಣದಲ್ಲಿಟ್ಟು ಬೇಕಾದುದನ್ನು ತರಬೇಕು. ಆಗ ಬರೆಯುವ ಕೆಲಸಕ್ಕಿಂತ ಓಡಾಟವೇ ಹೆಚ್ಚಾಗುತ್ತದೆ. ಈ ಓಡಾಟ ಎಂಥದೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಹಳೆಯ ಲ್ಯಾಪ್‌ಟಾಪುಗಳ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸೆಕೆಂಡಿನ ಸಾವಿರ ಭಾಗಗಳಲ್ಲಿ 11 ಭಾಗ ಹಿಡಿಯುತ್ತದೆ. ಓದುವ ಮುಳ್ಳು ಸರಿದು, ಬೇಕಾದ ಜಾಗ ಸುತ್ತಿ ಅದರ ಕೆಳಗೆ ಬರುವವರೆಗೆ ಅಂಥ 15 ಭಾಗವಾದರೂ ಆದೀತು. ಮೇಜಿನಿಂದ ಕಾಗದವನ್ನು ಎತ್ತಿಕೊಳ್ಳಲು 1 ಸೆಕೆಂಡ್ ಹಿಡಿಯುತ್ತದೆಂದು ಎಣಿಸಿದರೆ, ಅದೇ ಪ್ರಮಾಣದಲ್ಲಿ ಇಂಥ ಉಗ್ರಾಣಕ್ಕೆ ಒಮ್ಮೆ ಹೋಗಿಬರಲು ಸುಮಾರು 40 ಗಂಟೆ ಬೇಕು! ಎಸ್‌ಎಸ್‌ಡಿ ಎಂಬ, ತಿರುಗುವ ಭಾಗವಿಲ್ಲದ ಹೊಸ ಬಗೆಯ ಉಗ್ರಾಣಕ್ಕಾದರೋ ಕಾಲು ಗಂಟೆಯ ಆಸುಪಾಸು ಸಾಕು. ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿ, ಮೆಮೊರಿಯನ್ನು 4 ಜಿಬಿಯಿಂದ 8ಕ್ಕೆ ಏರಿಸಿದೊಡನೆ ಅದು ಪುನರ್ಜನ್ಮ ಪಡೆದಂತೆ ಓಡುವುದರ ರಹಸ್ಯ ಇಷ್ಟೆ. ಅಲ್ಲಿ ಯಾವ ಭೂತವೂ ಬಿಟ್ಟುಹೋಗಿರುವುದಿಲ್ಲ.

ಈಗ ಪರೀಕ್ಷೆಯ ಕ್ರಮ. ಮೊಟ್ಟಮೊದಲ ಕೆಲಸ ಪರೀಕ್ಷೆಯೂ ಅಲ್ಲ, ಚಿಕಿತ್ಸೆಯೂ ಅಲ್ಲ. ನಿಮ್ಮ ಬರಹ, ಚಿತ್ರ, ಲೆಕ್ಕಪತ್ರಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡು ಅದನ್ನು ಯಂತ್ರದಿಂದ ಬೇರ್ಪಡಿಸಿ ಇಡುವುದು. ಡಿಸ್ಕ್ ಸಾಯುತ್ತಿದ್ದರೆ ವೈರಸ್ ಶೋಧದ ದುಡಿತವೇ ಅದರ ಕೊನೆಯ ದುಡಿತವಾದೀತು. ನಕಲು ಮಾಡುವಾಗ ದಸ್ತಾವೇಜುಗಳನ್ನಷ್ಟೇ ತೆಗೆದುಕೊಳ್ಳಿ, ತಂತ್ರಾಂಶಗಳನ್ನು ಬಿಡಿ. ಅವುಗಳ ಜೊತೆಯಲ್ಲಿ ಸೋಂಕೂ ಬಂದೀತು.

ಅನಂತರ ನಾಡಿ ನೋಡಬೇಕು. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ತಂತ್ರಾಂಶ ಪ್ರೊಸೆಸರನ್ನು ಎಷ್ಟು ಬಳಸುತ್ತಿದೆ, ಮೆಮೊರಿಯನ್ನು ಎಷ್ಟು, ಡಿಸ್ಕನ್ನು ಎಷ್ಟು ಎಂಬ ಪಟ್ಟಿ ಅಲ್ಲಿ ಸಿಗುತ್ತದೆ. ಮೆಮೊರಿ ತುಂಬಿ ತುಳುಕುತ್ತಿದ್ದರೆ ಮೇಜು ಚಿಕ್ಕದಾಯಿತೆಂದು ಅರ್ಥ; ಬ್ರೌಸರಿನಲ್ಲಿ ನಲವತ್ತು ಪುಟಗಳನ್ನು ತೆರೆದಿಟ್ಟುಕೊಂಡು ವೈರಸ್ಸನ್ನು ದೂರುವುದು ನ್ಯಾಯವಲ್ಲ. ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿದ್ದು, ಅದರಿಂದ ಬರುತ್ತಿರುವ ಮಾಹಿತಿ ಮಾತ್ರ ಹನಿಹನಿಯಾಗಿದ್ದರೆ ಡಿಸ್ಕಿಗೇ ವಯಸ್ಸಾಗಿರಬಹುದು. ಟಿಕ್ ಟಿಕ್ ಎಂಬ ಹೊಸ ಸದ್ದೂ ಕೇಳಿಸಿದರೆ ಸಂದೇಹ ಬಲವಾಗುತ್ತದೆ. ಪ್ರೊಸೆಸರೇ ದಣಿಯುತ್ತಿದ್ದರೆ, ದಣಿಸುತ್ತಿರುವವರು ಯಾರೆಂದು ನೋಡಬೇಕು. ಎಷ್ಟೋ ಬಾರಿ ಅದು ವಿಂಡೋಸಿನ ಪರಿಷ್ಕರಣೆಯೋ, ವೈರಸ್ ಹುಡುಕುತ್ತಿರುವ ಕಾವಲುಗಾರ ತಂತ್ರಾಂಶವೋ ಆಗಿರುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ತಾನಾಗಿ ಶಾಂತವಾಗಿರುತ್ತದೆ. ಹೆಸರು ಪರಿಚಯವಿಲ್ಲವೆಂದ ಮಾತ್ರಕ್ಕೆ ಕಳ್ಳನೆಂದು ಹಿಡಿಯಲೂಬಾರದು. 'ಎಸ್‌ವಿಸಿ ಹೋಸ್ಟ್' ಎಂಬ ಹೆಸರು ಹತ್ತಾರು ಬಾರಿ ಕಾಣುವುದು ಸಹಜ. ಆದರೆ ಅದರ ಮನೆ ವಿಂಡೋಸಿನ 'ಸಿಸ್ಟಮ್32' ಕೋಶವಾಗಿರಬೇಕು. ಬೇರೆಲ್ಲೋ ಕುಳಿತು ಅದೇ ಹೆಸರನ್ನು ಹೇಳಿಕೊಂಡರೆ ವೇಷಧಾರಿಯೆಂದು ಶಂಕಿಸಬೇಕು.

ಪಟ್ಟಿಯಲ್ಲಿ ನೇರವಾಗಿ ಕಾಣದ ಕಾರಣವೊಂದಿದೆ, ಅದು ಧೂಳು. ಗಾಳಿಗಂಡಿಗಳಲ್ಲಿ ಧೂಳು ಕಟ್ಟಿ ಬಿಸಿಗಾಳಿ ಹೊರಹೋಗದಿದ್ದರೆ, ಪ್ರೊಸೆಸರು ತನ್ನನ್ನು ತಾನು ಸುಟ್ಟುಕೊಳ್ಳದಿರಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟುಕೊಂಡು ಕೆಲಸ ಮಾಡುವವರು ಇದನ್ನು ಗಮನಿಸಬೇಕು. ಯಂತ್ರ ಹೊತ್ತಿಕೊಂಡೊಡನೆ ಕರೆಯದೆ ಎದ್ದುಬರುವ ತಂತ್ರಾಂಶಗಳನ್ನು ನಿಲ್ಲಿಸುವುದು, ತುಂಬಿಹೋದ ಡಿಸ್ಕಿನಲ್ಲಿ ಜಾಗ ತೆರವು ಮಾಡುವುದು, ಎರಡೆರಡು ವೈರಸ್ ನಿರೋಧಕಗಳಿದ್ದರೆ ಒಂದನ್ನು ತೆಗೆಯುವುದು ಇವೂ ಇದೇ ಹಂತದ ಕೆಲಸಗಳು. ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರಿದ್ದರೆ ಪರಸ್ಪರ ತಪಾಸಣೆಯಲ್ಲಿಯೇ ಹೊತ್ತು ಕಳೆಯುತ್ತಾರೆ.

ಇಷ್ಟಾದ ಮೇಲೂ ಸೋಂಕನ್ನು ಶಂಕಿಸಲು ಕೆಲವು ಕುರುಹುಗಳಿವೆ. ವೈರಸ್ ನಿರೋಧಕ ತಾನಾಗಿ ನಿಂತುಹೋಗಿ ಮತ್ತೆ ಚಾಲೂ ಆಗದಿರುವುದು. ಬ್ರೌಸರಿನ ಮೊದಲ ಪುಟ ಕೇಳದೆ ಬದಲಾಗುವುದು. ನೀವು ಕಳಿಸದ ಪತ್ರಗಳು ನಿಮ್ಮ ಹೆಸರಿನಲ್ಲಿ ಗೆಳೆಯರನ್ನು ತಲಪುವುದು. ಸುಮ್ಮನೆ ಕುಳಿತ ಯಂತ್ರದ ಫ್ಯಾನು ಭೋರ್ಗರೆಯುತ್ತಿದ್ದು, ಟಾಸ್ಕ್ ಮ್ಯಾನೇಜರ್ ತೆರೆದೊಡನೆ ತಣ್ಣಗಾಗುವುದು. ಕಡೆಯದು ವಿಚಿತ್ರವಾದರೂ ನಿಜ. ಗೂಢನಾಣ್ಯದ ಕಳ್ಳರಲ್ಲಿ ಕೆಲವರು ಪೋಲೀಸರ ಬೂಟಿನ ಸದ್ದಿಗೆ ಅಡಗುವವರಂತೆ ಅಡಗಿಕೊಳ್ಳುತ್ತಾರೆ.

ಇವುಗಳಲ್ಲೊಂದು ಕಂಡರೆ ಅಂತರ್ಜಾಲದ ಸಂಪರ್ಕವನ್ನು ಕಡಿದುಹಾಕಿ. ವಿಂಡೋಸಿನೊಂದಿಗೇ ಬರುವ ಡಿಫೆಂಡರ್‌ನಲ್ಲಿ 'ಆಫ್‌ಲೈನ್ ಸ್ಕ್ಯಾನ್' ಎಂಬ ಪರೀಕ್ಷೆಯಿದೆ. ಅದು ವಿಂಡೋಸ್ ಏಳುವುದಕ್ಕೆ ಮುಂಚೆಯೇ ಡಿಸ್ಕನ್ನು ಶೋಧಿಸುತ್ತದೆ. ಸೋಂಕು ಆಳವಾಗಿ ಇಳಿದಿದ್ದರೆ ಓಡುತ್ತಿರುವ ವಿಂಡೋಸೇ ಸುಳ್ಳುಸಾಕ್ಷಿಯಾಗುತ್ತದೆ. ಆದುದರಿಂದ ಸಾಕ್ಷಿ ನಿದ್ರಿಸುತ್ತಿರುವಾಗಲೇ ಮನೆ ಶೋಧಿಸುವುದು ಲೇಸು. ಭಾರತ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಶುದ್ಧೀಕರಣದ ತಂತ್ರಾಂಶಗಳನ್ನು ಉಚಿತವಾಗಿ ಒದಗಿಸುತ್ತದೆ.

ಆದರೆ 'ಏನೂ ಸಿಗಲಿಲ್ಲ' ಎಂಬ ವರದಿ 'ಏನೂ ಇಲ್ಲ' ಎಂಬ ಪ್ರಮಾಣಪತ್ರವಲ್ಲ. ಇದು ಶೋಧಕಗಳನ್ನು ತಯಾರಿಸುವವರ ಅಸಡ್ಡೆಯಿಂದಾದ ಕೊರತೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಫ್ರೆಡ್ ಕೋಹೆನ್ 1984ರ ತಮ್ಮ ಪ್ರಬಂಧದಲ್ಲಿ, ಸಕಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸಬಲ್ಲ ತಂತ್ರಾಂಶವನ್ನು ಬರೆಯುವುದು ತರ್ಕತಃ ಅಸಾಧ್ಯವೆಂದು ತೋರಿಸಿದರು. ಅಂಥ ತಂತ್ರಾಂಶವೊಂದಿದೆ ಎನ್ನಿ. ಅದನ್ನೇ ಒಳಗಿಟ್ಟುಕೊಂಡು, 'ನನ್ನನ್ನು ವೈರಸ್ ಎಂದರೆ ಹರಡುವುದಿಲ್ಲ, ಅಲ್ಲವೆಂದರೆ ಹರಡುತ್ತೇನೆ' ಎನ್ನುವ ಇನ್ನೊಂದನ್ನು ಬರೆಯಬಹುದು; ಶೋಧಕ ಏನು ಹೇಳಿದರೂ ಸುಳ್ಳಾಗುತ್ತದೆ. ಆದುದರಿಂದ ಸೋಂಕು ಖಚಿತವಾಗಿ, ಅದು ಗುಪ್ತಪದಗಳನ್ನು ಮುಟ್ಟಿತೆಂಬ ಭಯವಿದ್ದರೆ, ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೇ ಕ್ಷೇಮ. ಅಂಗಡಿಯ ಹುಡುಗ ಹೇಳಿದ ಮದ್ದು ಮದ್ದೇ ಹೌದು. ರೋಗ ನಿಶ್ಚಯವಾದ ಮೇಲೆ, ಪ್ರತಿ ತೆಗೆದಿಟ್ಟುಕೊಂಡ ಮೇಲೆ, ಕಟ್ಟಕಡೆಗೆ. ಗುಪ್ತಪದಗಳನ್ನು ಬದಲಿಸುವುದು ಮಾತ್ರ ತಡವಾಗಬಾರದು, ಮತ್ತು ಅದನ್ನು ಬೇರೊಂದು ಶುದ್ಧ ಯಂತ್ರದಿಂದಲೇ ಮಾಡಬೇಕು.

ಬಾರದಂತೆ ತಡೆಯುವ ಮಾತು ಒಂದೇ. 2017ರ ಮೇ 12ರಂದು 'ವನ್ನಾಕ್ರೈ' ಎಂಬ ಒತ್ತೆಕೋರ ತಂತ್ರಾಂಶ ಲೋಕವನ್ನೆಲ್ಲ ನಡುಗಿಸಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಆ ಮಾರ್ಚಿಯಲ್ಲಿಯೇ ಹೊರತಂದಿತ್ತು. ಬಲಿಯಾದವರಲ್ಲಿ ಬಹುಮಂದಿ ತೇಪೆ ಹಾಕಿಕೊಳ್ಳದವರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನು ಹಳೆಯ ಯಂತ್ರಗಳ ಒಡೆಯರು ನೆನಪಿಡಬೇಕು.

ಕೊನೆಗೆ ಭಯದ ವ್ಯಾಪಾರದ ವಿಷಯ. ತೆರೆಯ ತುಂಬ ಕೆಂಪು ಎಚ್ಚರಿಕೆ ಹೊಮ್ಮಿ, 'ನಿಮ್ಮ ಯಂತ್ರಕ್ಕೆ ಸೋಂಕು ತಗಲಿದೆ, ಈ ನಂಬರಿಗೆ ಕರೆ ಮಾಡಿ' ಎಂದರೆ, ಆ ಎಚ್ಚರಿಕೆಯೇ ಬಲೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಕರೆ ಮಾಡಿದರೆ ಮಧುರವಾಗಿ ಮಾತನಾಡುವವನೊಬ್ಬ ದೂರದಿಂದಲೇ ನಿಮ್ಮ ಯಂತ್ರದೊಳಗೆ ಬರಲು ಅನುಮತಿ ಬೇಡುತ್ತಾನೆ. ಇಲ್ಲದ ಕಳ್ಳನನ್ನು ಓಡಿಸುವೆನೆಂದು ಇರುವ ಕಳ್ಳ ಒಳಗೆ ಬರುವ ರೀತಿ ಇದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು.

ನಮ್ಮ ಮೇಷ್ಟ್ರ ಕಥೆ ಪೂರ್ತಿ ದುರಂತವಾಗಲಿಲ್ಲ. ಹೊಲಗದ್ದೆಗಳಲ್ಲಿ ಓಡಾಡುವಾಗ ಗೀಚಿಕೊಂಡಿದ್ದ ಜೇಬಿನ ಪುಸ್ತಕಗಳಲ್ಲಿ ಕೆಲವು ಅಟ್ಟದ ಮೇಲೆ ಸಿಕ್ಕವು. ಅರ್ಧದಷ್ಟು ಮಾತುಗಳು ಮರಳಿ ಬಂದವು. ಉಳಿದರ್ಧವನ್ನು ಕೇಳಲು ಅವರು ಮತ್ತೆ ಊರೂರಿಗೆ ಹೊರಟರು. ಹೇಳಿದ್ದ ಅಜ್ಜಿಯರಲ್ಲಿ ಇಬ್ಬರು ಆ ವೇಳೆಗೆ ತೀರಿಕೊಂಡಿದ್ದರು. ಈಗ ಅವರು ಪ್ರತಿ ಭಾನುವಾರ ಬೆಳಗ್ಗೆ ಸಂಗ್ರಹದ ಎರಡು ಪ್ರತಿ ತೆಗೆದು, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಮಗಳ ಮನೆಯಲ್ಲಿ ಇಡುತ್ತಾರೆ. ಯಂತ್ರ ಮತ್ತೆ ನಿಧಾನವಾದರೆ ಏನು ಮಾಡುವಿರಿ ಎಂದು ಕೇಳಿದೆ. "ಮೊದಲು ಅದರ ಕಷ್ಟವೇನೆಂದು ಕೇಳುತ್ತೇನಪ್ಪ" ಎಂದರು.