ಕಪ್ಪು-ಬಿಳುಪು ಚಿತ್ರದಲ್ಲಿರುವುದು ಬೆಕ್ಕೋ, ಚಿರತೆಯೋ?

ಕಾಡುದಾರಿಯ ಬದಿಯ ಮರಕ್ಕೆ ಕಟ್ಟಿದ ಕ್ಯಾಮೆರಾ ಟ್ರ್ಯಾಪ್, ಬಿಸಿಮೈಯ ಜೀವಿಯೊಂದು ಎದುರು ಹಾದರೆ ತಾನಾಗಿ ಚಿತ್ರ ತೆಗೆಯುತ್ತದೆ. ಕರ್ನಾಟಕದಲ್ಲಿ ಇದನ್ನು ವಿಜ್ಞಾನದ ಸಾಧನವಾಗಿ ನೆಲೆಗೊಳಿಸಿದವರು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತ. ನಾಗರಹೊಳೆಯ ಹುಲಿಗಳ ಪಟ್ಟೆಗಳನ್ನು ಚಿತ್ರದಿಂದ ಚಿತ್ರಕ್ಕೆ ಹೋಲಿಸಿ ಸಂಖ್ಯೆ ಅಂದಾಜು ಮಾಡುವ ಅವರ ವಿಧಾನ 1995ರಲ್ಲಿ ಪ್ರಕಟವಾಯಿತು. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಡಲಾಗಿತ್ತು. ಸಿಕ್ಕಿದ್ದು ಸುಮಾರು ಮೂರೂವರೆ ಕೋಟಿ ಚಿತ್ರ. ಅವುಗಳಲ್ಲಿ ಹುಲಿಯಿದ್ದವು ಬರೀ 76,651.

ಇಂಥ ರಾಶಿಯನ್ನು ವಿಂಗಡಿಸುವುದೇ ನಿಜವಾದ ಕಷ್ಟ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ತೂಗಿದರೂ ಕ್ಯಾಮೆರಾ ಮೋಸಹೋಗುತ್ತದೆ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ 225 ಕ್ಯಾಮೆರಾಗಳಿಂದ ಬಂದ 12 ಲಕ್ಷ ಚಿತ್ರಗುಚ್ಛಗಳಲ್ಲಿ ಸುಮಾರು ಮುಕ್ಕಾಲು ಪಾಲು ಪ್ರಾಣಿಯೇ ಇಲ್ಲದವು. ನಾಲ್ಕಾರು ಸಂಶೋಧಕರು ಕೂತು ನೋಡಿ ಮುಗಿಸುವ ಕೆಲಸ ಅದಾಗಿರಲಿಲ್ಲ. 2012ರ ಕೊನೆಯಿಂದ ಅವರು ಆ ಚಿತ್ರಗಳನ್ನು ಝೂನಿವರ್ಸ್ ಎಂಬ ಜಾಲತಾಣದಲ್ಲಿ ಸಾರ್ವಜನಿಕರ ಮುಂದಿಟ್ಟರು. 28 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಹೆಸರು ನೋಂದಾಯಿಸಿ ಕೆಲಸಕ್ಕೆ ಕೂತರು. ಅವರಲ್ಲಿ ಯಾರಿಗೂ ಪ್ರಾಣಿಶಾಸ್ತ್ರದ ಪದವಿ ಬೇಕಿರಲಿಲ್ಲ.

ಆ ಯೋಜನೆಯ ಅತ್ಯಂತ ಸೊಗಸಾದ ಅಂಶ ಒಂದು ಗುಂಡಿ, ಅದೂ ಇಲ್ಲದ ಗುಂಡಿ. 'ಗೊತ್ತಿಲ್ಲ' ಎಂದು ಒತ್ತುವ ಅವಕಾಶವನ್ನು ಬೇಕೆಂದೇ ಕೊಟ್ಟಿರಲಿಲ್ಲ. ಪ್ರಾಣಿಯಿರುವ ಚಿತ್ರವಾದರೆ, ಅನುಮಾನವಿದ್ದರೂ ಸ್ವಯಂಸೇವಕ ಯಾವುದಾದರೊಂದು ಪ್ರಾಣಿಯನ್ನು ಹೆಸರಿಸಲೇಬೇಕು. ತಪ್ಪು ಉತ್ತರ ಕೇಳಿ ಪಡೆದಂತಾಯಿತಲ್ಲ ಎನಿಸಬಹುದು. ಆದರೆ ಮನುಷ್ಯರ ತಪ್ಪು ಮನಬಂದಂತೆ ಬೀಳುವುದಿಲ್ಲ. ಜಿಂಕೆಯ ಜಾತಿಯನ್ನು ಜಿಂಕೆಯ ಇನ್ನೊಂದು ಜಾತಿಯೆಂದು ತಿಳಿಯುವವರು ಹಲವರು, ಆನೆಯೆಂದು ತಿಳಿಯುವವರು ಯಾರೂ ಇಲ್ಲ. ಹಾಗಾಗಿ ತಪ್ಪು ಊಹೆಯಲ್ಲೂ ಸರಿಯ ಸುಳಿವು ಇರುತ್ತದೆ. ಒಂದೇ ಚಿತ್ರವನ್ನು ಹತ್ತಿಪ್ಪತ್ತು ಜನ ಒಬ್ಬರನ್ನೊಬ್ಬರು ಕೇಳದೆ ನೋಡುತ್ತಾರೆ. ಎಲ್ಲರೂ ಒಂದೇ ಹೆಸರು ಹೇಳಿದರೆ ಅದು ಬಹುತೇಕ ಖಚಿತ. ಉತ್ತರಗಳು ಚದುರಿದರೆ ಆ ಚಿತ್ರ ಕಷ್ಟದ್ದು, ತಜ್ಞರು ನೋಡಬೇಕಾದ್ದು ಎಂದು ಅರ್ಥ. ಭಿನ್ನಾಭಿಪ್ರಾಯವೇ ಇಲ್ಲಿ ಮಾಹಿತಿ! ಹೀಗೆ ಒಟ್ಟುಗೂಡಿಸಿದ ಉತ್ತರಗಳು ತಜ್ಞರು ಪರಿಶೀಲಿಸಿದ ಚಿತ್ರಗಳಲ್ಲಿ ಶೇ. 98ರಷ್ಟಕ್ಕೆ ಹೊಂದಿಕೆಯಾದವು. ಸಾಮಾನ್ಯರ ಮಾತು ವಿಜ್ಞಾನಕ್ಕೆ ಸಲ್ಲದು ಎನ್ನುವವರು ಈ ಅಂಕಿಯನ್ನು ನೆನಪಿಡಬೇಕು.

ಹಾಸನ ಜಿಲ್ಲೆಯ ಬಯಲುಸೀಮೆಗೂ ಚಿತ್ರ ನೋಡಿ ಪ್ರಾಣಿ ಗುರುತಿಸುವ ಈ ವಿದ್ಯೆ ದೂರದ್ದಲ್ಲ. ರಾಜ್ಯದ ಪತ್ರಿಕೆಗಳಲ್ಲಿ ಬಂದ ಚಿರತೆಯ ಸುದ್ದಿಗಳನ್ನು ಕಲೆಹಾಕಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ರಕ್ಷಿತಾರಣ್ಯಗಳ ಹೊರಗೂ ಕರ್ನಾಟಕದ ಸುಮಾರು ಶೇ. 47ರಷ್ಟು ಪ್ರದೇಶದಲ್ಲಿ ಚಿರತೆಯಿದೆ. ಚನ್ನರಾಯಪಟ್ಟಣದ ಕಡೆಯ ಬಂಡೆಗುಡ್ಡ, ಹೊಳೆನರಸೀಪುರದ ಹೇಮಾವತಿ ದಂಡೆಯ ಕಬ್ಬಿನ ಗದ್ದೆ, ಅರಕಲಗೂಡಿನ ಕುರುಚಲು ಎಲ್ಲವೂ ಇಂಥ ಪ್ರಾಣಿಗೆ ಒಗ್ಗುವ ನೆಲೆಗಳು. ಆದರೆ ಮಬ್ಬುಗತ್ತಲಲ್ಲಿ ಮೊಬೈಲಿನಲ್ಲಿ ಹಿಡಿದ, ಚುಕ್ಕೆಯುಳ್ಳ ಪ್ರಾಣಿಯೆಲ್ಲ ಚಿರತೆಯಾಗಿ ಊರೂರಿನ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವುದು ಸಲ್ಲದು. ಪುನುಗು ಬೆಕ್ಕಿನ ಬಾಲದಲ್ಲಿ ಉದ್ದಕ್ಕೂ ಬಳೆ ತೊಡಿಸಿದಂತೆ ಕಪ್ಪು ಪಟ್ಟೆಗಳಿರುತ್ತವೆ. ಕಾಡುಬೆಕ್ಕಿನ ಕಾಲು ನೀಳ, ಬಾಲ ಗಿಡ್ಡ, ಮೈಮೇಲೆ ಚುಕ್ಕೆಯೇ ಇಲ್ಲ. ಚಿರತೆಯ ಮೈಮೇಲಿರುವುದು ಬಿಡಿ ಚುಕ್ಕೆಯಲ್ಲ, ಚುಕ್ಕೆಗಳು ಸುತ್ತುಗಟ್ಟಿದ ಗುಚ್ಛ. ಬಾಲವಂತೂ ದೇಹದ ಅಳತೆಗೆ ತೀರ ಉದ್ದ. ರಾತ್ರಿಯ ಚಿತ್ರದಲ್ಲಿ ಬಣ್ಣವೇ ಇರುವುದಿಲ್ಲವಾದ್ದರಿಂದ ಬಾಲ, ಕಿವಿ, ನಿಲುವುಗಳನ್ನೇ ನೋಡಬೇಕು.

ಪ್ರಾಣಿಗಳ ಬಗೆಗಿನ ತಪ್ಪು ತಿಳಿವಳಿಕೆ ಎಂದಮೇಲೆ ಗುಳ್ಳೆನರಿಯ ಮಾತೂ ಇಲ್ಲೇ ಬರಬೇಕು. ಅದೃಷ್ಟ ತರುತ್ತದೆಂದು ನರಿಕೊಂಬು ಮಾರುವವರೂ ಕೊಳ್ಳುವವರೂ ಇಂದಿಗೂ ಇದ್ದಾರೆ. ಜಗತ್ತಿನ ಯಾವ ಕ್ಯಾಮೆರಾ ಟ್ರ್ಯಾಪಿನಲ್ಲೂ ಕೊಂಬಿರುವ ನರಿ ಸಿಕ್ಕಿಲ್ಲ, ಸಿಗುವುದೂ ಇಲ್ಲ, ಏಕೆಂದರೆ ನರಿಗೆ ಕೊಂಬು ಹುಟ್ಟುವುದೇ ಇಲ್ಲ. ಒಂದು ಸುಳ್ಳಿಗಾಗಿ ಪ್ರಾಣಿಯನ್ನು ಕೊಲ್ಲುವುದು ಮೂಢತನ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು.

ರಾತ್ರಿಯ ಚಿತ್ರದಲ್ಲಿ ಬಣ್ಣ ಅಳಿಸಿಹೋಗುವುದರಿಂದ ಒಂದು ಲಾಭವೂ ಇದೆ. ಕಬಿನಿಯಲ್ಲಿ ಹೆಸರು ಮಾಡಿದ ಕರಿಚಿರತೆ ಬೇರೆ ಜಾತಿಯಲ್ಲ. ಕಪ್ಪು ವರ್ಣದ್ರವ್ಯ ಹೆಚ್ಚಾದ ಮಾಮೂಲಿ ಚಿರತೆಯೇ. ಹಗಲಿನ ಚಿತ್ರದಲ್ಲಿ ಅದರ ಚುಕ್ಕೆ ಕಾಣುವುದು ಕಷ್ಟ. ಆದರೆ ರಾತ್ರಿ ಕ್ಯಾಮೆರಾದ ಅವಗೆಂಪು ಬೆಳಕು ಬಿದ್ದಾಗ ಕಪ್ಪಿನೊಳಗಿನ ಚುಕ್ಕೆಗಳೆಲ್ಲ ಎದ್ದು ಕಾಣುತ್ತವೆ. ಬಹುತೇಕ ಚಿರತೆಗಳು ಕಪ್ಪಾಗಿಯೇ ಇರುವ ಮಲೇಷ್ಯಾದಲ್ಲಿ ಸಂಶೋಧಕರು ಕ್ಯಾಮೆರಾದ ಬೆಳಕು ಗ್ರಹಿಸುವ ಭಾಗವನ್ನು ಮುಚ್ಚಿ, ಹಗಲನ್ನೂ ರಾತ್ರಿಯೆಂದು ಅದು ನಂಬುವಂತೆ ಮಾಡಿ, ಒಂದೊಂದು ಚಿರತೆಯನ್ನೂ ಬಿಡಿಬಿಡಿಯಾಗಿ ಗುರುತಿಸಿದರು.

ಹೀಗೆ ಬಿಡಿ ಪ್ರಾಣಿಯನ್ನು ಗುರುತಿಸುವುದು ಸ್ವಯಂಸೇವಕರ ಕೆಲಸವಲ್ಲ; ಪಟ್ಟೆ ಹೋಲಿಸುವ ಸಾಫ್ಟ್‌ವೇರ್ ಮತ್ತು ತಜ್ಞರದು. 2010ರಲ್ಲಿ ಬಂಡೀಪುರದ ಕ್ಯಾಮೆರಾದಲ್ಲಿ ಸೆರೆಯಾಗಿದ್ದ ಬಿಪಿಟಿ-241 ಎಂಬ ಹುಲಿ 2011ರಲ್ಲಿ ಶಿಕಾರಿಪುರದ ಬಳಿ ಸಿಕ್ಕಿದ್ದು ಗೊತ್ತಾದದ್ದು ಪಟ್ಟೆಗಳಿಂದಲೇ. ನಕಾಶೆಯಲ್ಲಿ ಈ ಎರಡೂ ಜಾಗಗಳ ನಡುವೆ ನೇರ ಗೆರೆ ಎಳೆದರೆ ಅದು ಅರಕಲಗೂಡು, ಹಾಸನಗಳ ಸಮೀಪವೇ ಹಾಯುತ್ತದೆ.

2018ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಕಂಪ್ಯೂಟರ್ ಕೂಡ ಸೆರೆಂಗೆಟಿಯ ಚಿತ್ರಗಳನ್ನು ಸ್ವಯಂಸೇವಕರಷ್ಟೇ ನಿಖರವಾಗಿ ಗುರುತಿಸಿತು. ಅದು ಕಲಿತದ್ದು ಆ ಸ್ವಯಂಸೇವಕರೇ ಹೆಸರಿಟ್ಟ ಚಿತ್ರಗಳಿಂದ! ಅಪರೂಪದ ಪ್ರಾಣಿಗಳಲ್ಲಿ ಜನರೂ ಹೆಚ್ಚು ತಪ್ಪುತ್ತಾರೆ, ಕಲಿಯಲು ಚಿತ್ರಗಳು ಸಾಲದೆ ಯಂತ್ರವೂ ತಪ್ಪುತ್ತದೆ. ಚಿಪ್ಪುಹಂದಿ, ನೀರುನಾಯಿಗಳಂಥವನ್ನು ಕಣ್ಣಾರೆ ಕಂಡು ಬಲ್ಲ ಊರಿನವರು ಇಂಥ ಕೆಲಸಕ್ಕೆ ಬೇಕಾಗಿದ್ದಾರೆ. ಸಂಜೆ ಅರ್ಧ ಗಂಟೆ ಬಿಡುವಿರುವ ವಿದ್ಯಾರ್ಥಿಗಳೂ ಶಿಕ್ಷಕರೂ ಝೂನಿವರ್ಸ್ ತೆರೆದು ನೋಡಲಿ, ಅದಕ್ಕೆ ಶುಲ್ಕವಿಲ್ಲ.